ಕೊನೆಯ ಸಾಲಿನಿಂದ ನೋಡಿದ ನಾಟಕಗಳು: ಹಾಸನದಿಂದ ಚಿಕ್ಕಮಗಳೂರಿನವರೆಗೆ

ಶುಕ್ರವಾರ, ಹಾಸನ

ರಾಗಿ ಒಕ್ಕಣೆ ಮುಗಿದ ಮೇಲೆ ಹಾಸನದ ಗೋಡೆಗಳ ಮೇಲೆ ನಾಟಕದ ಪೋಸ್ಟರ್‌ಗಳು ಏಳುತ್ತವೆ. ಶಿವರಾತ್ರಿಯಿಂದ ಹಿಡಿದು ಯುಗಾದಿ ದಾಟಿ, ಊರಹಬ್ಬಗಳು ಮುಗಿದು, ಮುಂಗಾರಿನ ಉಳುಮೆಗೆ ಎತ್ತು ಕಟ್ಟುವವರೆಗೆ ಬಯಲುಸೀಮೆಯ ಕಡೆ ಪೌರಾಣಿಕ ನಾಟಕದ ಕಾಲ. ನಾಟಕ ನೋಡಲು ಊರೂರು ಸುತ್ತುವವರು ಮೊದಲು ಈ ಪೋಸ್ಟರ್ ಮತ್ತು ಕರಪತ್ರಗಳನ್ನು ಗಮನವಿಟ್ಟು ಓದಬೇಕು. ಅರ್ಧ ವಿಮರ್ಶೆ ಅಲ್ಲೇ ಇರುತ್ತದೆ.

‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ದಪ್ಪಕ್ಷರದ ಕೆಳಗೆ ಪಾತ್ರವರ್ಗದ ಫೋಟೊಗಳು. ಅದರಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಇದ್ದರೆ ತಂಡದ ಹಣಕಾಸು ಅರ್ಥವಾಯಿತು. ಇಲ್ಲಿ ಪಾರ್ಟು ಕಟ್ಟುವವರೇ ಖರ್ಚು ಹಾಕಿಕೊಳ್ಳುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ, ದ್ವಾರಪಾಲಕನಿಗೆ ಚಿಕ್ಕದು. ಒಂದು ಪಾತ್ರವನ್ನು ಇಬ್ಬರಿಗೆ ಹಂಚಿದರೆ ಹೊರೆಯೂ ಹಂಚಿಹೋಗುತ್ತದೆ, ಊರಿನ ಇನ್ನೊಬ್ಬ ಹುಡುಗನಿಗೂ ಕಿರೀಟ ಇಡುವ ಅವಕಾಶ ಸಿಗುತ್ತದೆ. ಇದನ್ನು ದೋಷವೆಂದು ಬರೆಯುವುದು ಅನ್ಯಾಯ. ಆದರೆ ಒಂದನೇ ಕೃಷ್ಣ ಬಲಗೈಯಲ್ಲಿ ಕೊಳಲು ಹಿಡಿದು ನಿಧಾನವಾಗಿ ನಡೆದು, ಎರಡನೇ ಕೃಷ್ಣ ಕೊಳಲೇ ಇಲ್ಲದೆ ದಾಪುಗಾಲು ಹಾಕಿದರೆ ಅದನ್ನು ಬರೆಯಲೇಬೇಕು. ಇಬ್ಬರೂ ಒಟ್ಟಿಗೆ ನಾಲ್ಕು ಸಂಜೆ ನಡಿಗೆ ಅಭ್ಯಾಸ ಮಾಡಿದರೆ ಸರಿಹೋಗುವ ವಿಷಯ ಅದು.

ಕರಪತ್ರದಲ್ಲಿ ನೋಡಬೇಕಾದದ್ದು ಇನ್ನೂ ಇದೆ. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಯಾರು, ಸೀನರಿ ಯಾರದ್ದು, ಸ್ತ್ರೀ ಪಾತ್ರಧಾರಿಗಳು ಯಾವ ಊರಿನವರು. ದ್ರೌಪದಿ, ಕುಂತಿ, ಉತ್ತರೆಯ ಪಾತ್ರಕ್ಕೆ ಬರುವ ಕಲಾವಿದೆಯರು ಹೆಚ್ಚಾಗಿ ಮೈಸೂರು, ಮಂಡ್ಯ, ತುಮಕೂರು, ಬೆಂಗಳೂರಿನ ವೃತ್ತಿಪರರು. ನಾಟಕದ ದಿನವೇ ಬಂದು, ಬಣ್ಣ ಹಚ್ಚಿ, ರಂಗಕ್ಕೆ ಇಳಿಯುತ್ತಾರೆ. ಅವರಿಗೆ ಮಾತು ಬಾಯಿಪಾಠ. ಊರಿನ ಕರ್ಣನಿಗೆ ಮಾತ್ರ ಕುಂತಿಯ ಜೊತೆ ನಿಂತು ತಾಲೀಮು ಮಾಡಿದ ಅನುಭವ ಇರುವುದಿಲ್ಲ. ಮೂರು ತಿಂಗಳು ಅವನು ಮೇಷ್ಟ್ರನ್ನೇ ಕುಂತಿ ಎಂದುಕೊಂಡು ಮಾತು ಒಪ್ಪಿಸಿರುತ್ತಾನೆ. ರಂಗದ ಮೇಲೆ ಅವನು ಕುಂತಿಯ ಮುಖ ನೋಡದೆ ಹಾರ್ಮೋನಿಯಂ ಕಡೆ ನೋಡುತ್ತಿದ್ದರೆ ಕಾರಣ ಇಷ್ಟೇ.

ಹಾಸನಾಂಬ ಕಲಾಕ್ಷೇತ್ರದಲ್ಲಿ ಹಗಲಿನ ಪ್ರಯೋಗಗಳೂ ನಡೆಯುತ್ತವೆ. ಹಳ್ಳಿಯ ತಂಡಗಳು ಬೆಳಿಗ್ಗೆ ಬಂದು ನಾಂದಿ ಹಾಡಿದರೆ ರಾತ್ರಿಯವರೆಗೆ ನಾಟಕ. ಮಂಜು ಬೀಳುವುದಿಲ್ಲ, ಕರೆಂಟು ಹೋಗುವ ಭಯ ಕಡಿಮೆ, ಕೂರಲು ಕುರ್ಚಿ ಇದೆ. ಆದರೆ ಬಯಲಿನಲ್ಲಿ ಬೆಳಗಾಗುವವರೆಗೂ ಎಳೆಯಬಹುದಾದ ನಾಟಕ ಇಲ್ಲಿ ಗಡಿಯಾರಕ್ಕೆ ಸಿಕ್ಕಿಬೀಳುತ್ತದೆ. ಲೆಕ್ಕ ಹಾಕಿ ನೋಡಿ: ಅರವತ್ತು ಹಾಡು ಮತ್ತು ಪದ್ಯ ಇದ್ದರೆ, ಒಂದಕ್ಕೆ ಮೂರು ನಿಮಿಷದಂತೆ ಹಾಡಿಗೇ ಮೂರು ಗಂಟೆ. ಮಧ್ಯೆ ಇಪ್ಪತ್ತು ಹಾರ, ಶಾಲು, ಸನ್ಮಾನ ಬಂದು, ಒಂದೊಂದಕ್ಕೆ ಮೂರು ನಿಮಿಷ ಹಿಡಿದರೆ ಇನ್ನೊಂದು ಗಂಟೆ ಹೋಯಿತು. ಆ ಗಂಟೆಯನ್ನು ತೀರಿಸುವುದು ಕೊನೆಯ ದೃಶ್ಯಗಳು. ವೈಶಂಪಾಯನ ಸರೋವರದಿಂದ ದುರ್ಯೋಧನ ಎದ್ದು ಬರುವ ಹೊತ್ತಿಗೆ ‘ಬೇಗ ಮುಗಿಸಿ’ ಎಂದು ರಂಗದ ಪಕ್ಕದ ಮರೆಯಿಂದ, ಸೈಡ್‌ವಿಂಗ್‌ನಿಂದ, ಸನ್ನೆ ಬರುತ್ತದೆ, ಗದಾಯುದ್ಧ ನಾಲ್ಕು ಏಟಿಗೆ ಮುಗಿಯುತ್ತದೆ. ಇಡೀ ನಾಟಕವನ್ನು ಹೊತ್ತು ತಂದ ಪಾತ್ರಧಾರಿಗೆ ತನ್ನ ಅತ್ಯುತ್ತಮ ದೃಶ್ಯ ದಕ್ಕುವುದಿಲ್ಲ.

ಹಾರ ಹಾಕುವುದನ್ನೇ ನಿಲ್ಲಿಸಿ ಎನ್ನುವವರಿದ್ದಾರೆ. ಅದು ಆಗದ ಮಾತು, ಆಗಬೇಕೂ ಇಲ್ಲ. ಭೀಮನ ಮಾವ ಬೇಲೂರಿನಿಂದ ಹಾರ ತಂದಿದ್ದರೆ ಅವರು ಹಾಕಿಯೇ ಹಾಕುತ್ತಾರೆ. ಕೆಲವು ತಂಡಗಳು ಮಾಡುವ ಏರ್ಪಾಟು ಒಳ್ಳೆಯದು: ಸನ್ಮಾನವೆಲ್ಲ ಪರದೆ ಬಿದ್ದಾಗ, ಮುಂದಿನ ಸೀನರಿ ಕಟ್ಟುವಷ್ಟು ಹೊತ್ತಿನಲ್ಲಿ, ಪರದೆಯ ಮುಂದೆ. ಹೇಗೂ ಆ ಹೊತ್ತು ಖಾಲಿ. ಸಂಧಾನದ ಸಭೆಯ ನಡುವೆ ಕೃಷ್ಣನ ಕೊರಳಿಗೆ ನೋಟಿನ ಹಾರ ಬಿದ್ದರೆ ಸುತ್ತ ನಿಂತ ಕೌರವರೆಲ್ಲ ಸುಮ್ಮನೆ ಸೆಲ್‌ಫೋನಿನ ಕ್ಯಾಮೆರಾ ನೋಡಬೇಕಾಗುತ್ತದೆ. ಕಟ್ಟಿದ ಕಾವು ಮತ್ತೆ ಬರಲು ಎರಡು ಪದ್ಯ ಬೇಕು.

ಶನಿವಾರ, ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ

ಹಾಸನದಿಂದ ಚನ್ನರಾಯಪಟ್ಟಣ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಒಳಗಿನ ಹಳ್ಳಿಗೆ ಕತ್ತಲಾಗುವ ಮುಂಚೆ ತಲುಪಬೇಕು, ರಾತ್ರಿ ವಾಪಸ್ ಬಸ್ ಇರುವುದಿಲ್ಲ. ಕರಪತ್ರದಲ್ಲಿ ‘ರಾತ್ರಿ 8-30ಕ್ಕೆ ಸರಿಯಾಗಿ’ ಎಂದಿದ್ದರೂ ಪರದೆ ಏಳುವುದು ಹತ್ತರ ಮೇಲೆ. ಆದರೂ ಏಳು ಗಂಟೆಗೇ ಹೋಗುವುದು ಒಳ್ಳೆಯದು. ಸೀನರಿ ಲಾರಿಯಿಂದ ಸಾಮಾನು ಇಳಿಸುವುದು, ಗಳ ನೆಟ್ಟು ಪರದೆ ಎತ್ತುವುದು, ಮೈಕ್ ತೂಗುಹಾಕುವುದು ಇವನ್ನು ನೋಡದೆ ರಾತ್ರಿಯ ನಾಟಕ ಯಾಕೆ ಹಾಗಾಯಿತು ಎಂದು ಹೇಳಲಾಗದು. ಕಂಬಳಿ, ಟಾರ್ಚು, ಒಂದು ನೋಟ್‌ಪುಸ್ತಕ ಸಾಕು.

ಸೀನರಿಯವರು ತರುವುದು ಬರೀ ಪರದೆಯಲ್ಲ. ಅರಮನೆ, ಬೀದಿ, ಕಾಡು, ಉದ್ಯಾನವನದ ಪರದೆಗಳು, ಸಿಂಹಾಸನ, ಡ್ರೆಸ್ಸು, ಕಿರೀಟ, ಗದೆ, ಬಣ್ಣ ಹಚ್ಚುವವರು, ದೀಪ, ಎಲ್ಲ ಅವರದ್ದೇ ಗುತ್ತಿಗೆ. ಹಾಗಾಗಿ ಬೆಳಕಿನ ಬಗ್ಗೆ ತಕರಾರಿದ್ದರೆ ಪಾತ್ರಧಾರಿಗಳಿಗೆ ಹೇಳಿ ಫಲವಿಲ್ಲ. ಸಾಮಾನ್ಯವಾಗಿ ಆಗುವ ತೊಂದರೆ ಒಂದೇ: ದೀಪಗಳನ್ನು ರಂಗದ ನೆತ್ತಿಯ ಮೇಲೆ ನೇರ ಕಟ್ಟಿರುತ್ತಾರೆ, ಕಿರೀಟದ ಅಂಚಿನ ನೆರಳು ಕಣ್ಣಿನ ಮೇಲೆ ಬೀಳುತ್ತದೆ. ಕರ್ಣ ಅಳುತ್ತಿದ್ದರೂ ಎಂಟನೇ ಸಾಲಿಗೆ ಮೂಗು ಮತ್ತು ಮೀಸೆ ಮಾತ್ರ ಕಾಣುತ್ತದೆ. ಎರಡು ದೀಪಗಳನ್ನು ಜನರ ಕಡೆಗೆ ತಂದು, ಎರಡೂ ಬದಿಯ ಗಳಗಳಿಗೆ ಕಟ್ಟಿ, ಮುಖಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿ ಬೆಳಕು ಬೀಳುವಂತೆ ಮಾಡಿದರೆ ಕಣ್ಣು ಕಾಣುತ್ತದೆ. ಇನ್ನೊಂದು, ಬಣ್ಣದ ಎಲ್‌ಇಡಿಗಳು. ಕೆಂಪು ಬೆಳಕಿನಲ್ಲಿ ಮುಖದ ಕೆಂಪು ಬಣ್ಣ ಮಾಸಿ ಬಿಳಿಚಿಕೊಳ್ಳುತ್ತದೆ, ನೀಲಿ ಅಥವಾ ಹಸಿರು ಬೆಳಕಿನಲ್ಲಿ ಅದೇ ಕೆಂಪು ಕಪ್ಪಾಗುತ್ತದೆ. ದುಶ್ಶಾಸನನ ರೌದ್ರಕ್ಕೆಂದು ಕೆಂಪು ದೀಪ ಹಾಕಿದ ಕೂಡಲೇ ಬಣ್ಣ ಹಚ್ಚಿದವನ ಎರಡು ಗಂಟೆಯ ಕೆಲಸ ಅಳಿಸಿಹೋಗುತ್ತದೆ. ಮಾತು ನಡೆಯುವ ಹೊತ್ತಿಗೆ ಬಿಳಿ ಬೆಳಕೇ ಇರಲಿ, ಬಣ್ಣ ಹಿಂದಿನ ಪರದೆಗೆ ಸಾಕು.

ಮೈಕಿನ ವಿಷಯಕ್ಕೆ ಬಂದರೆ, ಹಳ್ಳಿ ನಾಟಕ ಕೆಡುವುದು ಅಭಿನಯದಿಂದಲ್ಲ, ಬಹುಪಾಲು ಇಲ್ಲಿಂದ. ರಂಗದ ಮುಂದೆ ಅಡ್ಡ ತಂತಿಗೆ ಮೂರು ನಾಲ್ಕು ಮೈಕ್ ತೂಗುಬಿಟ್ಟಿರುತ್ತಾರೆ. ಎರಡು ಮೈಕ್‌ಗಳು ಹತ್ತಿರ ಇದ್ದರೆ ಒಬ್ಬನ ದನಿ ಎರಡರಲ್ಲೂ ಕೂದಲೆಳೆಯಷ್ಟು ಹಿಂದುಮುಂದಾಗಿ ಸೇರಿ, ಪೊಳ್ಳು ಪೊಳ್ಳಾಗಿ ಕೇಳುತ್ತದೆ. ಬಾಯಿಗೂ ಮೈಕ್‌ಗೂ ಎಷ್ಟು ದೂರವೋ ಅದರ ಮೂರರಷ್ಟು ದೂರ ಮೈಕ್ ಮೈಕ್ ನಡುವೆ ಇರಬೇಕು ಎಂಬುದು ಧ್ವನಿವರ್ಧಕ ಬಲ್ಲವರ ಲೆಕ್ಕ. ಎರಡು ಅಡಿ ದೂರದಿಂದ ಮಾತಾಡುವುದಾದರೆ ಮೈಕ್‌ಗಳ ನಡುವೆ ಆರು ಅಡಿ. ಕೀಂ ಎಂದು ಕಿರುಚುವುದು ಸ್ಪೀಕರಿನ ಶಬ್ದ ತಿರುಗಿ ಮೈಕ್ ಸೇರಿದಾಗ. ಸ್ಪೀಕರ್ ಬಾಕ್ಸ್‌ಗಳನ್ನು ಮೈಕ್‌ಗಿಂತ ಮುಂದಕ್ಕೆ, ಜನರ ಕಡೆ ಮುಖ ಮಾಡಿ ಇಟ್ಟರೆ ಅರ್ಧ ತೊಂದರೆ ಹೋಗುತ್ತದೆ. ಸೈಡ್‌ವಿಂಗ್ ಪಕ್ಕದ ಮೈಕ್, ಮರೆಯಲ್ಲಿ ನಿಂತು ಮಾತು ನೆನಪಿಸುವ ಪ್ರಾಂಪ್ಟರ್ ದನಿಯನ್ನೂ ಎತ್ತಿಕೊಳ್ಳುತ್ತದೆ. ‘ಎಲೈ ಮದಾಂಧನೇ’ ಎಂಬುದು ಮೊದಲು ಪಿಸುಮಾತಿನಲ್ಲಿ, ಆಮೇಲೆ ಗರ್ಜನೆಯಲ್ಲಿ, ಎರಡು ಸಲ ಊರಿಗೆಲ್ಲ ಕೇಳುತ್ತದೆ. ಪ್ರಾಂಪ್ಟರ್ ರಂಗದ ಹಿಂಬದಿಯ ವಿಂಗ್‌ಗೆ ಸರಿದರೆ ಸಾಕು.

ಮೈಕ್ ಬರುವ ಮುಂಚಿನ ಕಾಲದ ರೂಢಿ ಶ್ರುತಿಯಲ್ಲಿ ಇನ್ನೂ ಉಳಿದಿದೆ. ವೃತ್ತಿ ನಾಟಕ ಮಂಡಳಿಯಾದ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅಂಥ ಕಂಪನಿಗಳ ನಟರು ಬರೀ ಕಂಠದಿಂದ ಕೊನೆಯ ಬೆಂಚಿಗೆ ಮುಟ್ಟಿಸಬೇಕಿತ್ತು, ಅದಕ್ಕೆ ಏರು ಶ್ರುತಿ ಬೇಕಿತ್ತು. ಈಗ ಮೈಕ್ ಇದೆ, ಆದರೂ ‘ಏರಿಸಿ ಹಾಡಿದರೇ ನಾಟಕ’ ಎಂಬ ಹಟ ಹೋಗಿಲ್ಲ. ಹಾರ್ಮೋನಿಯಂನ ಬಿಳಿ ಒಂದರ ಮನೆಯಲ್ಲಿ ಸುಖವಾಗಿ ಹಾಡುವ ಗಂಡಸು ಅದಕ್ಕಿಂತ ಏರಿನ ಕಪ್ಪು ಎರಡಕ್ಕೆ ಎತ್ತುಗಡೆ ಮಾಡಿದರೆ, ಅಂದರೆ ಅಲ್ಲಿಂದ ಹಾಡು ಶುರುಮಾಡಿದರೆ, ಮೊದಲ ಅಂಕ ಜೋರಾಗಿ ನಡೆಯುತ್ತದೆ, ಮೂರನೇ ಅಂಕಕ್ಕೆ ಗಂಟಲು ಕಟ್ಟುತ್ತದೆ. ವೃತ್ತಿಪರ ಕಲಾವಿದೆ ಬಂದು ಇನ್ನೂ ಏರಿನ ಕಪ್ಪು ಮೂರು ಅಥವಾ ಬಿಳಿ ಐದರಲ್ಲಿ ಹಾಡಿ ನಿಲ್ಲಿಸಿದಾಗ, ಅದರ ಬೆನ್ನಿಗೇ ತನ್ನ ಶ್ರುತಿ ಹಿಡಿಯುವುದು ಊರಿನ ಅರ್ಜುನನಿಗೆ ಕಷ್ಟ. ಮೇಷ್ಟ್ರು ಅವನ ಷಡ್ಜವನ್ನು, ಅಂದರೆ ಆಧಾರದ ‘ಸ’ ಸ್ವರವನ್ನು, ಎರಡು ಕ್ಷಣ ಒತ್ತಿ ಹಿಡಿದು ಕೊಟ್ಟರೆ ಅವನು ಹಿಡಿಯುತ್ತಾನೆ, ಮೇಷ್ಟ್ರು ಆತುರಪಟ್ಟರೆ ತಪ್ಪುತ್ತಾನೆ. ವಿಮರ್ಶೆಯಲ್ಲಿ ‘ಅರ್ಜುನನಿಗೆ ಶ್ರುತಿಜ್ಞಾನವಿಲ್ಲ’ ಎಂದು ಬರೆಯುವ ಮೊದಲು ಹಾರ್ಮೋನಿಯಂ ಮೇಲಿನ ಬೆರಳು ನೋಡಬೇಕು.

ಕಂದಪದ್ಯ ಹೇಳುವುದೇ ಇಲ್ಲಿನ ಪರೀಕ್ಷೆ. ಜನ ಅದಕ್ಕೇ ಕಾದಿರುತ್ತಾರೆ. ಕಂದದ ಮೊದಲ ಮತ್ತು ಮೂರನೇ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಐದು ಗಣ: 12, 20, 12, 20, ಒಟ್ಟು 64 ಮಾತ್ರೆ. ಉದ್ದದ ಆ ಎರಡು ಸಾಲುಗಳಲ್ಲೇ ಉಸಿರು ತಪ್ಪುವುದು. ಆಲಾಪ ಎಳೆದು ಉಸಿರು ಖಾಲಿಯಾಗಿ, ಪದದ ನಡುವೆ ನಿಂತು, ಮತ್ತೆ ಎಳೆದರೆ ಅರ್ಥ ಎರಡು ತುಂಡು. ಪಾರ್ಟಿನ ನೋಟ್‌ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಉಸಿರು ತೆಗೆಯುವ ಜಾಗಕ್ಕೆ ಗೆರೆ ಹಾಕಿಕೊಳ್ಳುವುದು ಹಳೆಯ ಮೇಷ್ಟ್ರುಗಳ ಪದ್ಧತಿ. ಅದು ಬಿಟ್ಟುಹೋಗಿರುವ ಕಡೆ ಪದ್ಯ ಬರೀ ರಾಗವಾಗುತ್ತದೆ. ಅಕ್ಷರ ಲೆಕ್ಕದ ಪದ್ಯಗಳಾದ ವೃತ್ತಗಳಲ್ಲಿ ಇನ್ನೂ ಕಷ್ಟ. ಮತ್ತೇಭವಿಕ್ರೀಡಿತದ ಒಂದೊಂದು ಸಾಲಿಗೆ 20 ಅಕ್ಷರ, ಶಾರ್ದೂಲವಿಕ್ರೀಡಿತಕ್ಕೆ 19.

ಒಂದು ಎಚ್ಚರಿಕೆ. ಹಸ್ತಿನಾವತಿ ‘ಅಸ್ತಿನಾವತಿ’ ಆದದ್ದನ್ನು, ಮಹಾಪ್ರಾಣ ಅಲ್ಪಪ್ರಾಣವಾದದ್ದನ್ನು ಪಟ್ಟಿ ಮಾಡುವ ವಿಮರ್ಶಕರು ಬಹಳ. ಅದರಿಂದ ಯಾವ ನಾಟಕವೂ ಉದ್ಧಾರವಾಗಿಲ್ಲ. ಹಗಲೆಲ್ಲ ತೆಂಗಿನ ತೋಟಕ್ಕೆ ನೀರು ಹಾಯಿಸಿ ಬಂದವನು ಹತ್ತು ಪುಟ ಗ್ರಾಂಥಿಕ ಕನ್ನಡ ಬಾಯಿಪಾಠ ಹೇಳುವಾಗ ಅವನ ನಾಲಗೆ ತನ್ನ ಊರಿನದ್ದಾಗಿಯೇ ಇರುತ್ತದೆ. ನಾಟಕಕ್ಕೆ ನಿಜವಾಗಿ ಪೆಟ್ಟು ಬೀಳುವುದು ವಾಕ್ಯದ ಕೊನೆಯಲ್ಲಿ ದನಿ ಇಳಿದುಹೋದಾಗ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ‘ಇಲ್ಲ’, ‘ಬೇಡ’, ‘ಒಲ್ಲೆ’ ಬರುವುದೂ ಕೊನೆಗೆ. ‘ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡಲಾರೆ’ ಎಂಬಲ್ಲಿ ‘ಕೊಡಲಾರೆ’ ನುಂಗಿಹೋದರೆ ಸಂಧಾನ ಮುರಿದದ್ದೇ ಗೊತ್ತಾಗುವುದಿಲ್ಲ. ಇದನ್ನು ತಿಳಿಯಬೇಕಾದರೆ ಮೊದಲ ದೃಶ್ಯ ಮುಂದಿನ ಸಾಲಿನಲ್ಲಿ ಕೂತು ನೋಡಿ, ಸಂಧಾನಕ್ಕೆ ಎದ್ದು ಹಿಂದಕ್ಕೆ, ಕಡಲೆಕಾಯಿ ಮಾರುವವರ ಪಕ್ಕಕ್ಕೆ ಹೋಗಬೇಕು. ಅಲ್ಲಿನ ಅಜ್ಜ ‘ಏನಂದ್ನಪ್ಪಾ ಅವ್ನು?’ ಎಂದು ಪಕ್ಕದವನನ್ನು ಕೇಳಿದ ಗಳಿಗೆಯನ್ನು ಸಮಯ ಸಹಿತ ಬರೆದುಕೊಳ್ಳಿ. ಆ ಪ್ರಶ್ನೆ ಎದ್ದ ಜಾಗಗಳೇ ಮೇಷ್ಟ್ರು ತಿದ್ದಬೇಕಾದ ಜಾಗಗಳು.

ರಾತ್ರಿ ಎರಡು ದಾಟಿದ ಮೇಲೆ ವಾದ್ಯಗಳು ಬೇರೆ ಬೇರೆಯಾಗತೊಡಗುತ್ತವೆ. ಚಳಿಗೆ ಕ್ಲಾರಿಯೊನೆಟ್ ಶ್ರುತಿ ಇಳಿಯುತ್ತದೆ, ಹಾರ್ಮೋನಿಯಂ ರೀಡು ಅದರ ಜೊತೆ ಇಳಿಯುವುದಿಲ್ಲ. ಮಂಜಿನ ತೇವಕ್ಕೆ ತಬಲದ ಚರ್ಮ ಸಡಿಲಾಗುತ್ತದೆ. ಒಳ್ಳೆಯ ತಬಲದವರು ದೃಶ್ಯ ಬದಲಾಗುವಾಗಲೆಲ್ಲ ಸುತ್ತಿಗೆ ತೆಗೆಯುತ್ತಾರೆ, ಕ್ಲಾರಿಯೊನೆಟ್‌ನವರು ಹಾಡಿಲ್ಲದಾಗಲೂ ವಾದ್ಯಕ್ಕೆ ಬೆಚ್ಚಗಿನ ಉಸಿರು ಊದುತ್ತಿರುತ್ತಾರೆ. ಕರ್ಣ ಮತ್ತು ಕುಂತಿಯ ಭೇಟಿ ಬರುವುದು ಸರಿಯಾಗಿ ಈ ಹೊತ್ತಿಗೆ. ಮುಖಾರಿ ರಾಗದಲ್ಲಿ ಶೋಕ ಏಳಬೇಕಾದಾಗ ವಾದ್ಯಗಳು ಜಗಳವಾಡುತ್ತಿದ್ದರೆ ಯಾವ ಕಲಾವಿದೆಯೂ ಆ ದೃಶ್ಯವನ್ನು ಉಳಿಸಲಾರಳು. ಹಾಗಿದ್ದೂ ಶನಿವಾರದ ಕುಂತಿ ಹಾಡು ಬಿಟ್ಟು, ವಾದ್ಯ ನಿಲ್ಲಿಸಲು ಕೈ ತೋರಿಸಿ, ಬರೀ ಮಾತಿನಲ್ಲಿ ಮಗನನ್ನು ಬೇಡಿದ ರೀತಿಗೆ ಇಡೀ ಬಯಲು ಎದ್ದು ಕೂತಿತು. ‘ಒನ್ಸ್ ಮೋರ್’ ಕೂಗುವ ಹುಡುಗರೂ ಸುಮ್ಮನಾದರು. ವೃತ್ತಿ ರಂಗಭೂಮಿಯ ಅನುಭವ ಎಂದರೆ ಅದು. ಊರಿನ ಹೊಸ ನಟರು ವಿಂಗ್‌ನಲ್ಲಿ ನಿಂತು ನೋಡಿ ಕಲಿಯಬೇಕಾದ ಪಾಠ.

ಭಾನುವಾರ, ಸಕಲೇಶಪುರ

ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಹಾಸನದಿಂದ ಸಕಲೇಶಪುರದ ಸುಮಾರು 40 ಕಿ.ಮೀ. ಬಸ್ಸಿನಲ್ಲಿ ನಿದ್ದೆ ಮಾಡಲಷ್ಟೇ ಸಾಕು. ಬಯಲುಸೀಮೆ ಮುಗಿದು ಮಲೆನಾಡು ಶುರುವಾದಂತೆ ನಾಟಕದ ಕಾಲವೂ ಬದಲಾಗುತ್ತದೆ. ಇಲ್ಲಿ ಕ್ಯಾಲೆಂಡರ್ ಬರೆಯುವುದು ಕಾಫಿ. ಅರೇಬಿಕಾ ಕುಯಿಲು, ಅದರ ಹಿಂದೆ ರೊಬಸ್ಟಾ ಕುಯಿಲು ಮುಗಿಯುವವರೆಗೆ ತಾಲೀಮಿಗೆ ಜನ ಸಿಗುವುದಿಲ್ಲ. ಮುಗಿದ ಮೇಲೆ ಮಳೆ ಹಿಡಿಯುವ ಮುಂಚಿನ ಕೆಲವೇ ವಾರಗಳು.

ಸಕಲೇಶಪುರ ತಾಲ್ಲೂಕಿನ ಬೆಳ್ಳೇಕೆರೆಯ ಜೈ ಕರ್ನಾಟಕ ಸಂಘದ ಹೆಸರು ಹವ್ಯಾಸಿ ರಂಗಭೂಮಿ ಬಲ್ಲವರಿಗೆಲ್ಲ ಗೊತ್ತು. ಪ್ರಸಾದ್ ರಕ್ಷಿದಿ ಅವರ ಮುಂದಾಳತ್ವದಲ್ಲಿ ತೋಟದ ಕೂಲಿ ಕಾರ್ಮಿಕರು, ಸಣ್ಣ ರೈತರು, ಶಾಲೆಯ ಮಕ್ಕಳು ಅಲ್ಲಿ ದಶಕಗಳಿಂದ ಆಧುನಿಕ ನಾಟಕ ಆಡಿದ್ದಾರೆ. ಓದು ಬಾರದ ನಟನಿಗೆ ಮಾತು ಕಲಿಸುವುದು ಹೇಗೆ ಎಂಬ ಪ್ರಶ್ನೆ ಇಂಥ ತಂಡಗಳ ಮುಂದೆ ಮೊದಲ ದಿನವೇ ಬರುತ್ತದೆ. ನಾಟಕದ ಪ್ರತಿಯನ್ನು ಕೈಗೆ ಕೊಟ್ಟು ಫಲವಿಲ್ಲದ ಕಡೆ ಒಬ್ಬರು ಓದಿ, ಉಳಿದವರು ಕೇಳಿ ಹೇಳಬೇಕು. ಹಾಗೆ ಕಲಿತವರಿಗೆ ಎದುರಿನವನ ಮಾತು ಕಿವಿಗೆ ಬೀಳುವುದು ಅಭ್ಯಾಸವಾಗಿರುತ್ತದೆ, ತಮ್ಮ ಸರದಿಗಷ್ಟೇ ಕಾಯುವುದಿಲ್ಲ. ಪುಸ್ತಕ ಹಿಡಿದು ಕಲಿತ ಪೇಟೆಯ ತಂಡಗಳಲ್ಲಿ ಇದೇ ಹೆಚ್ಚು ಕಾಣದ ಗುಣ.

ತೋಟದ ಸೀಮೆಯ ನಾಟಕ ನೋಡುವಾಗ ಇನ್ನೊಂದು ಗಮನಿಸಬೇಕು. ಪಾತ್ರ ರಂಗದ ಮೇಲೆ ಕೆಲಸ ಮಾಡುವ ದೃಶ್ಯವಿದ್ದರೆ, ಗುದ್ದಲಿ ಹಿಡಿಯುವುದು, ಹೊರೆ ಎತ್ತುವುದು, ಬುಟ್ಟಿ ಇಳಿಸುವುದು ಇವರ ಕೈಯಲ್ಲಿ ಸುಳ್ಳಾಗುವುದೇ ಇಲ್ಲ. ಆದರೆ ಸುಮ್ಮನೆ ನಿಂತು ಕೇಳುವ ದೃಶ್ಯ ಬಂದರೆ ಕೈ ಎಲ್ಲಿಡಬೇಕು ಎಂದು ತಿಳಿಯದೆ ಒದ್ದಾಡುತ್ತಾರೆ. ನಿರ್ದೇಶಕರು ಆ ದೃಶ್ಯಕ್ಕೂ ಒಂದು ಕೆಲಸ ಕೊಟ್ಟರೆ, ಅಡಿಕೆ ಹೋಳು ಮಾಡುವುದೋ ಹಗ್ಗ ಹೊಸೆಯುವುದೋ, ಮಾತು ತಾನಾಗಿ ಸಲೀಸಾಗುತ್ತದೆ.

ಸೋಮವಾರ, ಚಿಕ್ಕಮಗಳೂರು

ಸಕಲೇಶಪುರದಿಂದ ಬೇಲೂರು, ಬೇಲೂರಿನಿಂದ ಸುಮಾರು 25 ಕಿ.ಮೀ. ಚಿಕ್ಕಮಗಳೂರು. ಕೊಪ್ಪ, ಶೃಂಗೇರಿಯ ಕಡೆ ಹೋದರೆ ಯಕ್ಷಗಾನದ ಸೀಮೆ. ಅದರ ವಿಮರ್ಶೆಗೆ ಬೇರೆಯೇ ಕಿವಿ ಬೇಕು, ಈ ಪ್ರವಾಸಕ್ಕೆ ಅದನ್ನು ಸೇರಿಸಲಾಗದು. ಪಟ್ಟಣದ ಕುವೆಂಪು ಕಲಾಮಂದಿರದಲ್ಲಿ ಸಂಜೆಯ ಪ್ರಯೋಗಗಳು ನಡೆಯುತ್ತವೆ: ಒಂದೂವರೆ ಗಂಟೆಯ ನಾಟಕ, ಹಾರವಿಲ್ಲ, ಒನ್ಸ್ ಮೋರ್ ಇಲ್ಲ. ಎರಡು ರಾತ್ರಿಯ ಕುರುಕ್ಷೇತ್ರದ ನಂತರ ನೋಡಿದರೆ ಇದು ತೀರಾ ಚಿಕ್ಕದು ಎನಿಸುತ್ತದೆ. ಆದರೆ ತಪ್ಪಿಗೆ ಇಲ್ಲಿ ಜಾಗ ಕಡಿಮೆ.

ಹವ್ಯಾಸಿ ತಂಡಗಳ ದೊಡ್ಡ ಕಾಯಿಲೆ ಬ್ಲ್ಯಾಕೌಟ್. ಹನ್ನೆರಡು ದೃಶ್ಯವಿದ್ದು ಪ್ರತಿ ಸಲ ಇಪ್ಪತ್ತು ಸೆಕೆಂಡ್ ಕತ್ತಲಾದರೆ ಸುಮಾರು ನಾಲ್ಕು ನಿಮಿಷ ಜನ ಕತ್ತಲಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಾರೆ. ಕಾರಣ, ಸಭಾಂಗಣ ಸಿಗುವುದು ಒಂದೇ ದಿನಕ್ಕೆ. ದೀಪ ಕಟ್ಟುವುದು, ರಂಗಸಜ್ಜಿಕೆ, ತಾಲೀಮು, ಪ್ರದರ್ಶನ ಎಲ್ಲ ಅದೇ ದಿನ. ಬೆಳಗಿನಿಂದ ದೀಪ ಕಟ್ಟುವುದರಲ್ಲೇ ಮಧ್ಯಾಹ್ನವಾಗಿ, ದೃಶ್ಯ ಬದಲಾವಣೆಯ ತಾಲೀಮೇ ನಡೆದಿರುವುದಿಲ್ಲ. ಪೂರ್ತಿ ನಾಟಕ ಓಡಿಸಲು ಹೊತ್ತಿಲ್ಲದಿದ್ದರೆ ಪ್ರತಿ ದೃಶ್ಯದ ಕೊನೆಯ ಎರಡು ಮಾತು, ದೀಪ, ಸಾಮಾನಿನ ಬದಲಾವಣೆ, ಮುಂದಿನ ದೃಶ್ಯದ ಮೊದಲ ಎರಡು ಮಾತು, ಇಷ್ಟನ್ನೇ ಸಾಲಾಗಿ ಮಾಡಬೇಕು. ಹನ್ನೆರಡು ದೃಶ್ಯಕ್ಕೆ ಒಂದು ಗಂಟೆ ಸಾಕು. ಅದಕ್ಕಿಂತ ಒಳ್ಳೆಯದು ಕುರ್ಚಿಗಳ ಸಂಖ್ಯೆಯನ್ನೇ ಇಳಿಸುವುದು. ಎರಡು ಬೆಂಚಿನಲ್ಲಿ ಮನೆ, ಕಚೇರಿ, ಬಸ್ ನಿಲ್ದಾಣ ಮೂರೂ ಆಗುತ್ತವೆ.

ಕುವೆಂಪು ಹುಟ್ಟಿದ್ದು ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಇಲ್ಲಿನ ಶಾಲೆ ಕಾಲೇಜು ತಂಡಗಳು ಅವರ ಪದ್ಯನಾಟಕಗಳನ್ನು ಪ್ರೀತಿಯಿಂದ ಎತ್ತಿಕೊಳ್ಳುತ್ತವೆ, ಅಲ್ಲೊಂದು ಗುಂಡಿಗೆ ಬೀಳುತ್ತವೆ. ಈ ನಾಟಕಗಳ ಛಂದಸ್ಸಾದ ಸರಳರಗಳೆಯ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಪ್ರಾಸವಿಲ್ಲ, ಅರ್ಥ ಸಾಲಿನಿಂದ ಸಾಲಿಗೆ ಹರಿಯುತ್ತದೆ. ಪುಟದ ಮೇಲೆ ಸಾಲು ಮುಗಿಯಿತೆಂದು ನಟ ಅಲ್ಲೇ ನಿಂತರೆ ವಾಕ್ಯ ಮುರಿದು ಮಗ್ಗಿ ಒಪ್ಪಿಸಿದಂತೆ ಕೇಳುತ್ತದೆ. ತಾಲೀಮಿನ ಮೊದಲ ವಾರ ಅದನ್ನು ಗದ್ಯದಂತೆ ಒಂದೇ ಹರಿವಿನಲ್ಲಿ ಬರೆದುಕೊಂಡು, ವಾಕ್ಯ ಮುಗಿದಲ್ಲಿ ಮಾತ್ರ ನಿಲ್ಲುವುದನ್ನು ರೂಢಿಸಿಕೊಂಡರೆ ಲಯ ಹಿಂದಿನಿಂದ ತಾನೇ ಬಂದು ಸೇರುತ್ತದೆ. ನಟರು ಒಬ್ಬರ ಮಾತಿಗೆ ಇನ್ನೊಬ್ಬರು ತಡಮಾಡದೆ ಸೇರಿಸಿಕೊಳ್ಳುವುದೂ ಆಗ ಸುಲಭ.

ಮಂಗಳವಾರ, ಬರೆಯುವ ದಿನ

ನಾಟಕ ಮುಗಿದ ರಾತ್ರಿಯೇ ಬಣ್ಣದ ಕೋಣೆಗೆ ನುಗ್ಗಿ ತಪ್ಪು ಹೇಳಬಾರದು. ಆಗ ಹೇಳಬೇಕಾದದ್ದು ಒಂದು ಒಳ್ಳೆಯ ಮಾತು, ಅದೂ ನಿರ್ದಿಷ್ಟವಾಗಿ. ‘ಚೆನ್ನಾಗಿತ್ತು’ ಎಂದರೆ ಯಾರಿಗೂ ಏನೂ ಸಿಗುವುದಿಲ್ಲ. ‘ವಿದುರನ ಎರಡನೇ ಕಂದ ಕೊನೆಯ ಸಾಲಿಗೂ ಸ್ಪಷ್ಟವಾಗಿ ಕೇಳಿತು ಅಣ್ಣ’ ಎಂದರೆ ಆತ ಅದನ್ನು ಮರೆಯುವುದಿಲ್ಲ, ಮುಂದಿನ ಸಲ ಎಲ್ಲ ಪದ್ಯವನ್ನೂ ಹಾಗೆ ಹೇಳಲು ನೋಡುತ್ತಾನೆ.

ಉಳಿದದ್ದನ್ನು ನಾಲ್ಕೈದು ದಿನ ಬಿಟ್ಟು, ಸಾಲದ ಲೆಕ್ಕ ಚುಕ್ತಾ ಆಗಿ ತಂಡ ಮತ್ತೆ ಒಂದೆಡೆ ಸೇರುವಾಗ ಕೊಡುವುದು ಸರಿ. ನೋಟ್‌ಪುಸ್ತಕದ ಬರಹ ಹೀಗಿರಲಿ: ‘12-40, ಸಂಧಾನ, ದುರ್ಯೋಧನನ ಕೊನೆಯ ಮಾತು ಹಿಂದೆ ಕೇಳಲಿಲ್ಲ, ಬಲಗಡೆ ಮೈಕ್‌ನಿಂದ ಐದು ಹೆಜ್ಜೆ ದೂರ ನಿಂತಿದ್ದರು.’ ಕಂಡದ್ದು ಮೊದಲು, ಕಾರಣ ಆಮೇಲೆ, ಅಭಿಪ್ರಾಯ ಕೊನೆಗೆ. ನಂತರ ಅದನ್ನು ಯಾರು ಸರಿಪಡಿಸಬಲ್ಲರು ಎಂಬ ಲೆಕ್ಕದಲ್ಲಿ ಹರಿದು ಹಂಚಬೇಕು. ಶ್ರುತಿ, ಉಸಿರು, ಎತ್ತುಗಡೆ ಮೇಷ್ಟ್ರಿಗೆ. ದೀಪ, ಪರದೆ ಸೀನರಿಯವರಿಗೆ. ಹಾರ, ಸಮಯ ತಂಡದ ಯಜಮಾನರಿಗೆ. ನಡಿಗೆ, ನೋಟ, ಕೈ ಪಾತ್ರಧಾರಿಗೆ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬೇಡ. ಇಷ್ಟೆಲ್ಲ ಬರೆದ ಮೇಲೆ ಮೈಕ್ ಸೆಟ್‌ನ ಹುಡುಗನಿಗೂ ಒಂದು ಚೀಟಿ ಕೊಡಿ. ರಂಗದ ಅಗಲ ಎಷ್ಟು ಅಡಿ, ಮೈಕ್ ಎಷ್ಟು, ಯಾವುದು ಎಲ್ಲಿ ತೂಗಬೇಕು ಎಂಬ ನಕ್ಷೆ ಅದರಲ್ಲಿರಲಿ. ಅವನಿಗೆ ಇದುವರೆಗೆ ಯಾರೂ ವಿಮರ್ಶೆ ಕೊಟ್ಟಿರುವುದಿಲ್ಲ. ಮುಂದಿನ ವಾರ ಪಕ್ಕದ ಊರಿನ ನಾಟಕಕ್ಕೆ ತಂತಿ ಕಟ್ಟುವವನೂ ಅವನೇ.